ಮಳೆ ಪುಸ್ತಕ, ಯುಟಿಸಿ ಮತ್ತು ನನ್ನ ಒಂದು ವಾರ

ಸಕಲೇಶಪುರ ತಾಲ್ಲೂಕಿನ ನಮ್ಮ ಕಾಫಿ ತೋಟದ ಮನೆಯಲ್ಲಿ ಕುಳಿತೇ ನಾನು ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ತಂಡದ ಅರ್ಧದಷ್ಟು ಜನ ನ್ಯೂಯಾರ್ಕಿನಲ್ಲಿರುವುದರಿಂದ, ಅವರ ಬೆಳಗಿನ 9 ಗಂಟೆಯ ಸಭೆ ನಮಗೆ ಸಂಜೆ 6:30ಕ್ಕೆ ಬರುತ್ತದೆ. ನವೆಂಬರಿನಲ್ಲಿ ಅವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ ಮೇಲೆ ಅದು 7:30 ಆಗಿ ಊಟದ ಹೊತ್ತನ್ನೂ ಕೆಡಿಸುತ್ತದೆ. ಕಳೆದ ಜುಲೈ ತಿಂಗಳ ಒಂದು ವಾರವನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಏಕೆಂದರೆ ಆ ವಾರ ಕಚೇರಿಯಲ್ಲೂ ಮನೆಯಲ್ಲೂ ಎದುರಾದದ್ದು ಒಂದೇ ಪ್ರಶ್ನೆ: ದಿನವೊಂದು ಮುಗಿಯುವುದು ಯಾವಾಗ?

ಸೋಮವಾರ ಬಂದ ದೂರು ಸಣ್ಣದಾಗಿ ಕಂಡಿತು. ಗೋದಾಮಿನಿಂದ ಬೆಳಗಿನ ಜಾವ ಹೊರಡುವ ಲಾರಿಗಳ ಲೆಕ್ಕ ದಿನದ ವರದಿಯಲ್ಲಿ ಕಡಿಮೆ ಬರುತ್ತಿತ್ತು, ಆದರೆ ತಿಂಗಳ ಮೊತ್ತ ಹೆಚ್ಚುಕಡಿಮೆ ಸರಿಯಿತ್ತು. ಮಳೆಗೆ ಕರೆಂಟ್ ಹೋಗಿ, ಇನ್ವರ್ಟರ್ ಮೇಲೆ ಲ್ಯಾಪ್‌ಟಾಪನ್ನೂ ರೂಟರನ್ನೂ ನಡೆಸಿಕೊಂಡು ಎರಡು ದಿನ ಹುಡುಕಿದ ಮೇಲೆ ಕಾರಣ ಸಿಕ್ಕಿತು. ನಮ್ಮ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಸರಿಯಾಗಿಯೇ ಇಟ್ಟುಕೊಂಡಿತ್ತು. ಆ ಸಮಯದಿಂದ ದಿನಾಂಕವನ್ನು ಬೇರ್ಪಡಿಸುವಾಗ ಸರ್ವರ್ ತನ್ನ ಯುಟಿಸಿ ದಿನವನ್ನೇ ಬಳಸುತ್ತಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ನಸುಕಿನ 5:30ಕ್ಕಿಂತ ಮೊದಲು ಹೊರಟ ಲಾರಿಗಳೆಲ್ಲ ಹಿಂದಿನ ದಿನದ ಖಾತೆಗೆ ಸೇರುತ್ತಿದ್ದವು. ತಿಂಗಳ ಮೊದಲ ಮತ್ತು ಕೊನೆಯ ದಿನಗಳಲ್ಲಿ ಮಾತ್ರ ಮೊತ್ತ ತಪ್ಪುತ್ತಿದ್ದುದಕ್ಕೂ ಇದೇ ಕಾರಣ. ದಿನಾಂಕ ತೆಗೆಯುವ ಮುನ್ನ ಸಮಯವನ್ನು ‘ಏಷ್ಯಾ/ಕೋಲ್ಕತ್ತಾ’ ವಲಯಕ್ಕೆ, ಅಂದರೆ ಭಾರತದ ಸಮಯಕ್ಕೆ, ಬದಲಾಯಿಸುವ ಒಂದು ಸಾಲು ಸೇರಿಸಿ, ದಿನಾಂಕ ಸರಿ ಬರುತ್ತದೆಯೇ ಎಂದು ತಾನೇ ನೋಡುವ ಪರೀಕ್ಷಾ ಕೋಡನ್ನು 5:29ಕ್ಕೆ ಒಂದು, 5:30ಕ್ಕೆ ಒಂದು ಬರೆದೆ. ಇಂಥ ತಪ್ಪಿಗೆ ತಿದ್ದುಪಡಿಗಿಂತ ಆ ಎರಡು ಪರೀಕ್ಷೆಗಳೇ ಮುಖ್ಯವೆಂದು ನನ್ನ ಅಭಿಪ್ರಾಯ.

ಬೆಳಿಗ್ಗೆ ಆರರಿಂದ ಏಳೂವರೆ ನನ್ನ ಕಲಿಕೆಯ ಸಮಯ. ಆಗ ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸ್ ಕಲಿಯುತ್ತಿದ್ದೆ. ಪಾಠದಲ್ಲಿ ಕೊಟ್ಟ ಉದಾಹರಣೆಗಳು ಬೇಸರ ತಂದದ್ದರಿಂದ ಅಪ್ಪನ ಮಳೆ ಪುಸ್ತಕಗಳನ್ನೇ ಎತ್ತಿಕೊಂಡೆ. ತೋಟದವರು ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಬರೆಯುತ್ತಾರೆ. ನೂರು ಸೆಂಟ್ಸ್ ಎಂದರೆ ಒಂದು ಇಂಚು, 25.4 ಮಿಲಿಮೀಟರ್. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತೆಂಬುದರ ಮೇಲೆ ಆ ವರ್ಷದ ಫಸಲೇ ನಿಂತಿರುವುದರಿಂದ ಅಪ್ಪ ಒಂದು ದಿನವನ್ನೂ ಬಿಟ್ಟವರಲ್ಲ. ದಶಮಾಂಶದ ಗೊಡವೆ ಬೇಡವೆಂದು, ರೂಪಾಯಿಯನ್ನು ಪೈಸೆಯಲ್ಲಿ ಇಡುವಂತೆ, ಮಳೆಯನ್ನು ಪೂರ್ಣ ಸೆಂಟ್ಸ್‌ಗಳಲ್ಲೇ ಇಟ್ಟೆ.

ಆದರೆ ದಿನವನ್ನು ನಾನು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಎಣಿಸಿದ್ದೆ. ಗುರುವಾರ ಕಾಫಿ ಕುಡಿಯುತ್ತಾ ಪರದೆಯನ್ನು ನೋಡಿದ ಅಪ್ಪ, “ಮಳೆ ಏನು ಹನ್ನೆರಡು ಗಂಟೆಗೆ ನಿಂತು ಗಡಿಯಾರ ನೋಡ್ತದಾ? ನಮ್ಮ ದಿನ ಬೆಳಿಗ್ಗೆ ಅಳೆಯೋವರೆಗೆ” ಎಂದರು. ಹವಾಮಾನ ಇಲಾಖೆಯ ಲೆಕ್ಕವೂ ಅಂಥದ್ದೇ. ಬೆಳಿಗ್ಗೆ 8:30ಕ್ಕೆ ಮುಗಿಯುವ 24 ಗಂಟೆಗಳ ಮಳೆಯನ್ನು ಅದು ಒಂದು ದಿನದ ಮಳೆಯೆಂದು ಬರೆದುಕೊಳ್ಳುತ್ತದೆ. ನಾನು ಗಂಟೆ ನಿಮಿಷಗಳನ್ನು ತೆಗೆದುಹಾಕಿ ‘ಅಳೆದ ದಿನ’ ಎಂಬ ಒಂದೇ ಕಾಲಂ ಉಳಿಸಿದೆ.

ಸಂಜೆಯ ಸಭೆ ಮುಗಿದ ಮೇಲೆ ಮತ್ತೆ ಮತ್ತೆ ಸಂದೇಶ ನೋಡುವ ನನ್ನ ಅಭ್ಯಾಸಕ್ಕೂ ಆ ವಾರವೇ ಒಂದು ಗಡಿ ಹಾಕಿದೆ: ಏಳೂವರೆಗೆ ಕೆಲಸದ ದಿನ ಮುಗಿಯಿತು, ತುರ್ತು ಇದ್ದರೆ ಫೋನ್ ಮಾಡಲಿ. ಶುಕ್ರವಾರ ಫೋನ್ ಬಂದೇ ಬಂತು, ಅದು ಬೇರೆ ಮಾತು.

ಭಾನುವಾರ ಅಕ್ಕಿರೊಟ್ಟಿ ತಿಂದು ಜಗಲಿಯಲ್ಲಿ ಕುಳಿತು, ಮಗಳು ಓದಿದಂತೆ ನಾನು ಅಂಕಿಗಳನ್ನು ಟೈಪ್ ಮಾಡಿದೆ. ಹಳೆಯ ಪುಸ್ತಕಗಳಲ್ಲಿ ಕನ್ನಡ ಅಂಕಿಗಳಿವೆ. ೬ ಮತ್ತು ೯ ಅವಳಿಗೆ ಅದಲುಬದಲಾಗುತ್ತಿದ್ದವು. ಪ್ರತಿ ಪುಟದ ಕೆಳಗೆ ಅಪ್ಪ ಬರೆದ ತಿಂಗಳ ಮೊತ್ತವೇ ನಮಗೆ ತಾಳೆ ನೋಡುವ ಸಾಧನವಾಯಿತು: ವ್ಯತ್ಯಾಸ 3 ಅಥವಾ 30 ಬಂದರೆ ಅವಳೇ ಪುಟ ತಿರುಗಿಸಿ ತಪ್ಪನ್ನು ಹುಡುಕುತ್ತಿದ್ದಳು. ಒಂದು ಆಗಸ್ಟ್ ಮಾತ್ರ 7 ಸೆಂಟ್ಸ್ ವ್ಯತ್ಯಾಸದಲ್ಲಿ ನಿಂತಿದೆ. ಪುಟದ ಅಂಕಿಗಳನ್ನೆಲ್ಲ ಮೂರು ಬಾರಿ ನೋಡಿಯಾಗಿದೆ; ಕೂಡಿದ್ದರಲ್ಲೇ ತಪ್ಪಿರಬಹುದೆಂಬುದನ್ನು ಅಪ್ಪ ಇನ್ನೂ ಒಪ್ಪಿಲ್ಲ.