ಕಾಲು ಜೋಮು ಹಿಡಿದರೆ ವಯಸ್ಸಿನ ಮೇಲೆ ಹಾಕಬೇಡಿ

ಹವಾಯಿ ಚಪ್ಪಲಿ ಜಾರಿ ಹಿಂದೆ ಬಿದ್ದದ್ದು ನಾಲ್ಕು ಹೆಜ್ಜೆ ಹೋದ ಮೇಲೆ ಗೊತ್ತಾಗುತ್ತದೆ. ಬರಿಗಾಲಲ್ಲಿ ನಿಂತರೂ ಅರಳೆ ಮೇಲೆ ನಿಂತಂತೆ. ರಾತ್ರಿ ಹೊದಿಕೆ ತಾಗಿದರೂ ಅಂಗಾಲು ಉರಿ. ದಾವಣಗೆರೆ, ಚಿತ್ರದುರ್ಗದ ಕಡೆ ಇದನ್ನೆಲ್ಲ ‘ವಯಸ್ಸಾಯ್ತು, ವಾಯು’ ಎಂದು ಮುಗಿಸಿಬಿಡುತ್ತಾರೆ. ಆದರೆ ಪಾದದ ನರ ಸೊರಗಿರಬಹುದು, ಬೆನ್ನಿನಲ್ಲಿ ನರ ಒತ್ತಿರಬಹುದು, ರಕ್ತನಾಳ ಕಟ್ಟಿರಬಹುದು. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಎಲ್ಲಿ, ಯಾವಾಗ, ಏನು ಮಾಡಿದರೆ ಕಡಿಮೆ ಎಂಬುದನ್ನು ಮನೆಯಲ್ಲೇ ಗಮನಿಸಿಕೊಂಡು ಹೋದರೆ ವೈದ್ಯರಿಗೆ ದಾರಿ ಸುಲಭ.

ಮೊದಲು ಬೆರಳು ಮುಟ್ಟಿ ನೋಡಿ. ಹಿರಿಯರನ್ನು ಮಲಗಿಸಿ ಕಣ್ಣು ಮುಚ್ಚಲು ಹೇಳಿ. ನಿಮ್ಮ ತೋರುಬೆರಳ ತುದಿಯಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ: ಬಲಗಾಲಿನ ಹೆಬ್ಬೆರಳು, ಕಿರುಬೆರಳು, ಎಡಗಾಲಿನ ಹೆಬ್ಬೆರಳು, ಕಿರುಬೆರಳು, ಆಮೇಲೆ ಬಲ, ಎಡ ನಡುಬೆರಳು. ಮುಟ್ಟಿದ್ದು ತಿಳಿದಾಗ ‘ಬಲ’ ಅಥವಾ ‘ಎಡ’ ಎನ್ನಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಪಾದದ ಸ್ಪರ್ಶ ಕಡಿಮೆಯಾಗಿದೆ ಎಂದರ್ಥ. ಬಹಳ ಮಂದಿ ಎಡವುವುದು ಇಲ್ಲೇ: ಪ್ರೀತಿಯಿಂದ ಜೋರಾಗಿ ಒತ್ತುತ್ತಾರೆ, ತಿಳಿಯಲಿಲ್ಲ ಎಂದರೆ ಮತ್ತೆ ಮುಟ್ಟುತ್ತಾರೆ. ಒತ್ತಿದರೆ ಒಳಗಿನ ಬೇರೆ ನರಗಳಿಗೆ ಗೊತ್ತಾಗಿ ಪರೀಕ್ಷೆಯೇ ಹಾಳು. ಒಂದು ಬೆರಳಿಗೆ ಒಂದೇ ಸಲ.

ಎರಡೂ ಪಾದಗಳಲ್ಲಿ ಬೆರಳಿನಿಂದ ಶುರುವಾಗಿ ಕಾಲುಚೀಲ ತೊಟ್ಟಂತೆ ಮೇಲೇರುವ ಜೋಮಿಗೆ ಸಾಮಾನ್ಯ ಕಾರಣ ಸಕ್ಕರೆ ಕಾಯಿಲೆ. ವಿಟಮಿನ್ ಬಿ12 ಕೊರತೆ, ಮದ್ಯ ಕೂಡ ಹೌದು. ಅತಿ ಉದ್ದದ ನರಕ್ಕೆ ಮೊದಲು ಪೆಟ್ಟು, ಅದಕ್ಕೇ ಬೆರಳ ತುದಿಯಿಂದ ಆರಂಭ. ಒಂದೇ ಕಾಲಿನಲ್ಲಿ ಪಿರ್ರೆಯಿಂದ ಪಾದದವರೆಗೆ ಸೆಳೆದರೆ ಬೆನ್ನಿನ ಡಿಸ್ಕ್ ಕಡೆ ಅನುಮಾನ. ಒಂದೇ ಕಡೆ ಬಿಳಚಿದ ಮಚ್ಚೆ, ಅಲ್ಲಿ ಸ್ಪರ್ಶವಿಲ್ಲ ಎಂದರೆ ಕುಷ್ಠವನ್ನೂ ಪರೀಕ್ಷಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ವಾಸಿಯಾಗುವ ಕಾಯಿಲೆ ಅದು.

ನೋವು ನಡೆದಾಗ ಮಾತ್ರ ಬರುತ್ತಿದ್ದರೆ ಜೊತೆಗೆ ನಡೆದು ನೋಡಿ. ಪ್ರತಿ ಸಲ ಅಷ್ಟೇ ದೂರಕ್ಕೆ ಮೀನಖಂಡ ಹಿಡಿದು, ಸುಮ್ಮನೆ ನಿಂತರೆ ಕೆಲವೇ ನಿಮಿಷದಲ್ಲಿ ಬಿಟ್ಟರೆ ರಕ್ತನಾಳದ ತೊಂದರೆ. ಬೀಡಿ, ಸಿಗರೇಟು ಸೇದಿದವರಲ್ಲಿ ಹೆಚ್ಚು. ನಿಂತರೆ ಸಾಲದು, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಮಾತ್ರ ಹಗುರ ಎಂದರೆ ಬೆನ್ನುಹುರಿಯ ದಾರಿ ಕಿರಿದಾಗಿರಬಹುದು. ಚಿತ್ರದುರ್ಗದ ಕೋಟೆ ನೆನೆಸಿಕೊಳ್ಳಿ: ರಕ್ತನಾಳ ಕಟ್ಟಿದವರಿಗೆ ಹತ್ತುವಾಗ ಕಷ್ಟ. ಬೆನ್ನಿನವರಿಗೆ ಬಾಗಿ ಹತ್ತುವುದು ಅಷ್ಟು ಕಷ್ಟವಲ್ಲ, ಇಳಿಯುವಾಗ ಬೆನ್ನು ನೆಟ್ಟಗಾಗಿ ಕಾಲು ಸೋಲುತ್ತದೆ.

ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಬಿ12, ಕ್ರಿಯಾಟಿನಿನ್ (ಮೂತ್ರಪಿಂಡದ್ದು), ಥೈರಾಯ್ಡ್ ನೋಡಿಸಿ. ಎಚ್‌ಬಿಎ1ಸಿ ಶೇ 6.5 ಅಥವಾ ಮೇಲಿದ್ದರೆ ಸಕ್ಕರೆ ಕಾಯಿಲೆ. ಬಿ12 ಸಾಮಾನ್ಯವಾಗಿ ಮಿ.ಲೀ.ಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ. ಸಸ್ಯಾಹಾರಿಗಳು, ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ ಮಾತ್ರೆ ನುಂಗುತ್ತಿರುವವರು ಬಿ12 ಪರೀಕ್ಷೆ ತಪ್ಪಿಸಲೇಬಾರದು. ಸೊಪ್ಪು ತರಕಾರಿಯಲ್ಲಿ ಬಿ12 ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನಿನಲ್ಲಿದೆ. ಕೊರತೆ ಇದ್ದಾಗ ಬರೀ ಫೋಲಿಕ್ ಆಸಿಡ್ ಮಾತ್ರೆ ತಿಂದರೆ ರಕ್ತ ಸುಧಾರಿಸಿದಂತೆ ಕಂಡು ನರ ಕೆಡುತ್ತಲೇ ಹೋಗುತ್ತದೆ.

ಸ್ಪರ್ಶ ಕಳೆದುಕೊಂಡ ಪಾದಕ್ಕೆ ದೊಡ್ಡ ಶತ್ರು ಬಿಸಿನೀರು. ಜೋಮಿಗೆ ಒಳ್ಳೆಯದೆಂದು ಉಪ್ಪು ಹಾಕಿದ ಬಿಸಿನೀರಲ್ಲಿ ಕಾಲಿಡುತ್ತಾರೆ, ಸುಟ್ಟದ್ದು ಬೊಬ್ಬೆ ಎದ್ದ ಮೇಲೆ ಕಾಣುತ್ತದೆ. ಸ್ನಾನದ ನೀರನ್ನೂ ಮೊಣಕೈಯಿಂದ ನೋಡಿ. ನಾಯಕನಹಟ್ಟಿ ಜಾತ್ರೆಯ ಹೊತ್ತಿಗೆ ಬಿಸಿಲು ಏರಿರುತ್ತದೆ. ಮಧ್ಯಾಹ್ನದ ಕಲ್ಲುಹಾಸಿನ ಮೇಲೆ ಬರಿಗಾಲು ಬೇಡ, ಬೆಳಿಗ್ಗೆಯೇ ದರ್ಶನ ಮುಗಿಸಿ. ಚಪ್ಪಲಿ ಮೆಟ್ಟುವ ಮುಂಚೆ ಒಳಗೆ ಕೈಯಾಡಿಸಿ. ರಾತ್ರಿ ಅಂಗಾಲು ನೋಡಿಕೊಳ್ಳಿ, ಬಾಗಲಾಗದಿದ್ದರೆ ಕನ್ನಡಿ ನೆಲಕ್ಕಿಡಿ. ಎಣ್ಣೆ ಹಚ್ಚಬಹುದು, ಬೆರಳ ಸಂದಿಗೆ ಮಾತ್ರ ಬೇಡ. ತೇವಕ್ಕೆ ಬೂಸು ಹಿಡಿಯುತ್ತದೆ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ.

ಉರಿಗೆ ಕೊಡುವ ಪ್ರೀಗಾಬಾಲಿನ್, ಗಾಬಾಪೆಂಟಿನ್ ಮಾತ್ರೆಗಳು ತೂಕಡಿಕೆ ತರುತ್ತವೆ. ಮೂತ್ರಪಿಂಡ ದುರ್ಬಲವಿದ್ದರೆ ಪ್ರಮಾಣ ಇಳಿಸಬೇಕು. ಶುರುವಿನ ದಿನಗಳಲ್ಲಿ ರಾತ್ರಿ ಮೂತ್ರಕ್ಕೆ ಏಳುವಾಗ ಎರಡು ನಿಮಿಷ ಮಂಚದ ಅಂಚಿಗೆ ಕೂತು, ದೀಪ ಹಾಕಿ ಏಳಿ. ತಾವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ.

ಇನ್ನು ಕೆಲವಕ್ಕೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಒಂದು ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ವಿಪರೀತ ನೋಯುವುದು. ದೇಹದ ಒಂದೇ ಪಕ್ಕ ಮರಗಟ್ಟಿ ಮಾತು ತೊದಲುವುದು. ಕೂರುವ ಜಾಗವೆಲ್ಲ ಜೋಮಾಗಿ ಮೂತ್ರ ಕಟ್ಟುವುದು. ಒಂದೇ ಮೀನಖಂಡ ಊದಿ ಬಿಸಿಯಾಗುವುದು. ಇವು ಕಂಡರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಶುರುವಾದ ಸಮಯವನ್ನು ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಿ.