ಕತ್ತೀಲಿ ಶೇವಿಂಗ್ ಶುರು ಮಾಡೋರಿಗೆ: ಕತ್ತಿ, ಪಟ್ಟಿ, ನಮ್ಮ ತುಮಕೂರಿನ ನೀರು

ನಾನೀಗ ಕತ್ತೀಲೇ ಶೇವ್ ಮಾಡ್ಕೊಳ್ಳೋದು. ಸಲೂನಲ್ಲಿ ಅರ್ಧ ಬ್ಲೇಡ್ ಮುರಿದು ಹಾಕ್ತಾರಲ್ಲ ಅದಲ್ಲ, ಹಳೇ ಕಾಲದ್ದು, ಒಂದೇ ಉಕ್ಕಿನ ಅಲಗು, ಹಿಡಿಯೊಳಗೆ ಮಡಚಿ ಇಡೋದು. ಗೊತ್ತಾದೋರೆಲ್ಲ ಮೊದಲು ಕೇಳೋದು "ಕುಯ್ಕೊಳ್ಳಲ್ವಾ?" ಅಂತ. ನನ್ನ ಪ್ರಕಾರ ಕೇಳ್ಬೇಕಾಗಿರೋದು ಕತ್ತಿ ಮೊಂಡಾದ್ರೆ ಏನ್ ಮಾಡ್ತೀರ ಅಂತ, ಯಾಕಂದ್ರೆ ಹರಿತವಾಗಿರೋ ಕತ್ತಿ ಕೂದಲು ತೆಗೆದು ಹಾಗೇ ಜಾರ್ಕೊಂಡು ಹೋಗತ್ತೆ, ಮೊಂಡಾಗಿರೋದು ಕೂದಲಿಗೆ ಸಿಕ್ಕಿ ಎಳೆಯತ್ತೆ, ಎಳೆದಾಗ ನಾವು ಗೊತ್ತಿಲ್ಲದೇ ಒತ್ತೀವಿ, ಒತ್ತಿದ ತಕ್ಷಣ ರಕ್ತ. ಅದಕ್ಕೇ ಇಲ್ಲಿ ಕೆನ್ನೆ ಮೇಲೆ ಕತ್ತಿ ಓಡಿಸೋದಕ್ಕಿಂತ ಅದರ ಆರೈಕೆ ಬಗ್ಗೇನೇ ಜಾಸ್ತಿ ಬರೀತೀನಿ.

ಕತ್ತಿ ಯಾವುದು ತಗೋಬೇಕು? ಅಗಲ ಇಂಚಿನ ಎಂಟನೇ ಭಾಗದ ಲೆಕ್ಕದಲ್ಲಿ ಹೇಳ್ತಾರೆ, 5/8 ಅಥವಾ 6/8 ಇದ್ರೆ ಕಲಿಯೋರಿಗೆ ಸರಿ. ಜರ್ಮನಿಯ ಸೋಲಿಂಗನ್ ಊರಿನ ಕತ್ತಿಗಳು ತುಂಬ ಹೆಸರುವಾಸಿ, ಆ ಊರಿನ ಹೆಸರನ್ನ ಬೇರೆ ಕಡೆ ಮಾಡಿದ ಮಾಲಿನ ಮೇಲೆ ಹಾಕೋ ಹಾಗಿಲ್ಲ ಅಂತ ಅಲ್ಲಿ 1938ರಲ್ಲೇ ಕಾನೂನು ಮಾಡಿದ್ದಾರೆ. ಡೋವೋ ಅಲ್ಲಿದೇ, 1906ರಲ್ಲಿ ಶುರುವಾದ ಕಂಪನಿ, ಬೆಲೆ ಮಾತ್ರ ಜಾಸ್ತಿ. ಚೀನಾದ ಗೋಲ್ಡ್ ಡಾಲರ್ 66 ಕಮ್ಮಿ ದುಡ್ಡಿಗೆ ಸಿಗತ್ತೆ, ಉಕ್ಕು ಚೆನ್ನಾಗೇ ಇದೆ, ಆದ್ರೆ ಸಾಮಾನ್ಯವಾಗಿ ಡಬ್ಬಿಯಿಂದ ತೆಗೆದ ಹಾಗೇ ಶೇವ್ ಮಾಡೋ ಹರಿತ ಇರಲ್ಲ, ಕಲ್ಲಿಗೆ ಹಾಕ್ಲೇಬೇಕು. ಸಾಣೆ ಗೊತ್ತಿರೋರು ಮಸೆದು ಕೊಟ್ಟಿರೋ ಕತ್ತಿಯಿಂದಲೇ ಶುರು ಮಾಡಿ. ನೂರು ರೂಪಾಯಿಗೆ ತಳ್ಳುಗಾಡೀಲಿ ಮಾರೋದು ನೋಡೋಕೆ ಕತ್ತಿ, ಅಷ್ಟೆ.

ನನಗೆ ಪಟ್ಟಿ ಎಳೆಯೋದು, ಅಂದ್ರೆ ಚರ್ಮದ ಪಟ್ಟಿ ಮೇಲೆ ಕತ್ತಿ ಆಡಿಸಿ ಅದರ ಬಾಯಿ (ಹರಿತದ ಅಂಚು) ಸರಿ ಮಾಡೋದು, ತೋರಿಸಿದ್ದು ಚಿಕ್ಕಪೇಟೆ ಕಡೆ ಅಂಗಡಿ ಇಟ್ಟಿದ್ದ ಒಬ್ಬರು ವಯಸ್ಸಾದ ಯಜಮಾನ್ರು. ಅವರ ಮಕ್ಕಳೆಲ್ಲ ಅರ್ಧ ಬ್ಲೇಡಿಗೆ ಬಂದು ಎಷ್ಟೋ ಕಾಲ ಆಗಿದೆ, ಅದು ಸರೀನೇ, ಒಂದೇ ಕತ್ತೀಲಿ ಹತ್ತು ಜನಕ್ಕೆ ಮಾಡಿದ್ರೆ ಎಚ್‌ಐವಿ, ಹೆಪಟೈಟಿಸ್ ಬಿ ಥರದ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹೋಗಬಹುದು. ಆದ್ರೆ ಯಜಮಾನ್ರ ಹತ್ರ ಹಳೇ ಕತ್ತಿ, ಚರ್ಮದ ಪಟ್ಟಿ ಎರಡೂ ಹಾಗೇ ಇದ್ವು. "ನೋಡಪ್ಪ, ಕೈಯಾಗೆ ಬಲ ಹಾಕಬ್ಯಾಡ. ಬೆನ್ನು ಪಟ್ಟಿ ಬಿಟ್ಟು ಮ್ಯಾಲಕ್ಕೆ ಏಳಬಾರ್ದು, ಅಷ್ಟೇಯ" ಅಂದ್ರು. "ಸ್ಪೀಡಾಗಿ ಮಾಡ್ಬೇಕಾ ತಾತ?" ಅಂದೆ. "ನಿಧಾನಕ್ಕೆ ಮಾಡು, ಸ್ಪೀಡು ತಾನೇ ಬತ್ತದೆ."

ಅವರು ಹೇಳಿದ್ದು ಪೂರ್ತಿ ವಿಜ್ಞಾನ. ಕತ್ತಿಯ ಬೆನ್ನು ದಪ್ಪ ಇರೋದೇ ಅದಕ್ಕೆ, ಬೆನ್ನು ಮತ್ತೆ ಬಾಯಿ ಎರಡೂ ಒಟ್ಟಿಗೆ ಪಟ್ಟಿ ಮೇಲೆ ಕೂತ್ರೆ ಕೋನ ತಾನಾಗೇ ಸರಿ ಬರತ್ತೆ, ನಾವು ಅಂದಾಜು ಮಾಡೋ ಅಗತ್ಯಾನೇ ಇಲ್ಲ. ಪಟ್ಟೀಲಿ ಬೆನ್ನು ಮುಂದೆ, ಬಾಯಿ ಹಿಂದೆ. ಕಲ್ಲಿನ ಮೇಲೆ ಇದರ ಉಲ್ಟಾ, ಬಾಯಿ ಮುಂದೆ. ಪಟ್ಟಿ ತುದಿ ಬಂದಾಗ ಕತ್ತಿ ತಿರುಗಿಸೋದು ಬೆನ್ನಿನ ಮೇಲೆ ಉರುಳಿಸಿ, ಬಾಯಿ ಮೇಲೆ ಉರುಳಿಸಿದ್ರೆ ಪಟ್ಟೀನೂ ಕುಯ್ಯತ್ತೆ, ಹರಿತಾನೂ ಹೋಗತ್ತೆ. ಪಟ್ಟಿ ಜೋಲಾಡಬಾರದು, ಸೆಟೆದು ಹಿಡಿದಿರಬೇಕು, ಸಡಿಲ ಬಿಟ್ರೆ ಚರ್ಮ ಬಾಯಿ ಹತ್ರ ಮೇಲಕ್ಕೆ ಸುತ್ಕೊಂಡು ಅದನ್ನ ದುಂಡಗೆ ಮಾಡಿಬಿಡತ್ತೆ. ಪಟ್ಟಿಯ ಹಿಂದುಗಡೆ ಇರೋ ಬಟ್ಟೆ ಕಡೆ ಮೂವತ್ತು ಸಲ, ಚರ್ಮದ ಕಡೆ ಐವತ್ತು ಸಲ, ಇದನ್ನ ಶೇವ್ ಮಾಡೋದಕ್ಕೆ ಮುಂಚೆ. ಶೇವ್ ಆದಮೇಲೆ ಒದ್ದೆ ಕತ್ತೀನ ಪಟ್ಟಿಯ ಚರ್ಮಕ್ಕೆ ತಾಗಿಸಲೇಬೇಡಿ.

ಪಟ್ಟಿ ಇಲ್ಲೇ ಮಾಡಿಸಬಹುದು. ನಯವಾದ, ಗಾಯ ಇಲ್ಲದ ಚರ್ಮ, ಎರಡೂವರೆ ಇಂಚು ಅಗಲ, ಒಂದೂವರೆ ಅಡಿ ಉದ್ದ, ಒಂದು ತುದೀಲಿ ರಿಂಗ್ ಹಾಕಿ ಹೊಲಿದು ಕೊಡಿ ಅಂತ ಚಪ್ಪಲಿ ಹೊಲಿಯೋರಿಗೆ ಹೇಳಿದ್ರೆ ಮಾಡ್ಕೊಡ್ತಾರೆ, ಹಿಂದುಗಡೆ ದಪ್ಪ ಕಾಟನ್ ಬಟ್ಟೆ. ಪಾಲಿಶ್ ಹಾಕಿರೋ ಬೆಲ್ಟಿನ ಚರ್ಮ ಬೇಡ. ಪಟ್ಟಿಗೆ ಎಣ್ಣೆ ಹಚ್ಚೋದೂ ಬೇಡ, ಬರೀ ಅಂಗೈಲಿ ಉಜ್ಜಿ, ಕೈಯಲ್ಲಿರೋ ಜಿಡ್ಡೇ ಸಾಕು. ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ಗಾಳಿ ಆಡೋ ಕಡೆ ನೇತು ಹಾಕಿ.

ಈಗ ನೀರಿನ ವಿಷಯಕ್ಕೆ ಬರ್ತೀನಿ. ಆನ್‌ಲೈನ್‌ನಲ್ಲಿ ಯುರೋಪ್ ಅಮೆರಿಕದೋರು ಹಾಕೋ ವಿಡಿಯೋ ನೋಡಿ ಅದೇ ಥರ ಬ್ರಶ್ ತಿರುಗಿಸಿದ್ರೂ ನಮ್ಮಲ್ಲಿ ನೊರೆ ಬರಲ್ಲ, ಸೋಪು ಸರಿ ಇಲ್ಲ ಅಂದ್ಕೋತಾರೆ. ಸೋಪಲ್ಲ, ನೀರು. ಬೋರ್‌ವೆಲ್ ನೀರಲ್ಲಿ ಕ್ಯಾಲ್ಸಿಯಂ ಮೆಗ್ನೀಸಿಯಂ ಜಾಸ್ತಿ, ಅದು ಸೋಪಿನ ಜೊತೆ ಸೇರಿ ಬೆಳ್ಳಗೆ ಒಡೆದು ಗಸಿ ಆಗತ್ತೆ, ನೊರೆ ಆಗಲ್ಲ. ಕುಡಿಯೋ ನೀರಿಗೆ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಅಂತ ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ, ಬೇರೆ ನೀರೇ ಇಲ್ಲ ಅಂದ್ರೆ 600ರವರೆಗೆ. ನಮ್ಮ ಕಡೆ ಎಷ್ಟೋ ಬೋರ್ ನೀರು ಬಕೆಟ್ಟಿನ ಅಂಚಲ್ಲಿ ಬಿಳೀ ಕಟ್ಟೋದು ನೋಡಿದ್ರೇ ಗೊತ್ತಾಗತ್ತೆ. ಬುಗುಡನಹಳ್ಳಿ ಕೆರೆಯಿಂದ ಬರೋ ಹೇಮಾವತಿ ನೀರು ಬಿಟ್ಟ ದಿನ ಅದೇ ಸೋಪು, ಅದೇ ಬ್ರಶ್, ನೊರೆ ಗಟ್ಟಿ ಮೊಸರಿನ ಥರ ನಿಲ್ಲತ್ತೆ. ನಾನು ಒಂದು ಬಾಟಲಿ ಹೇಮಾವತಿ ನೀರು ಶೇವಿಂಗಿಗೆ ಅಂತಾನೇ ಎತ್ತಿಡ್ತೀನಿ, ಇಲ್ಲದಿದ್ರೆ ಆರ್‌ಓ ಫಿಲ್ಟರ್ ನೀರು ಅರ್ಧ ಲೋಟ ಬಿಸಿ ಮಾಡ್ಕೋತೀನಿ, ನೊರೆಗೆ ಅಷ್ಟು ಸಾಕು. ಮಳೆ ನೀರು ಹಿಡಿದಿಟ್ಟಿರೋರಿಗೆ ಇನ್ನೂ ಒಳ್ಳೇದು. ಕೊನೇಗೆ ಕತ್ತಿ ತೊಳೆಯೋದಕ್ಕೂ ಇದೇ ನೀರು, ಬೋರ್ ನೀರು ಅಲಗಿನ ಮೇಲೆ ಒಣಗಿದ್ರೆ ಬಿಳೀ ಕಲೆ ಕೂರತ್ತೆ.

ಶೇವ್ ಮಾಡೋದು ಹೇಳ್ತೀನಿ. ಸ್ನಾನ ಆದಮೇಲೆ ಮಾಡಿ, ಗಡ್ಡ ನೆನೆದು ಮೆತ್ತಗಾಗಿರತ್ತೆ. ಮೂರು ಬೆರಳು ಅಲಗಿನ ಬುಡದ ಮೇಲೆ, ಹೆಬ್ಬೆರಳು ಕೆಳಗಿಂದ, ಕಿರುಬೆರಳು ಮೊಳೆ ಆಚೆ ಚಾಚ್ಕೊಂಡಿರೋ ಬಾಲದ ಮೇಲೆ. ಇನ್ನೊಂದು ಕೈಲಿ ಚರ್ಮ ಬಿಗಿಯಾಗಿ ಎಳೆದು ಹಿಡೀಬೇಕು, ಅರ್ಧ ಕೆಲಸ ಆ ಕೈದೇ. ಕತ್ತಿ ಚರ್ಮಕ್ಕೆ ಸುಮಾರು ಮೂವತ್ತು ಡಿಗ್ರಿ, ಕೂದಲು ಬೆಳೆಯೋ ದಿಕ್ಕಲ್ಲೇ, ಚಿಕ್ಕ ಚಿಕ್ಕ ಎಳೆತ, ಒತ್ತಡ ಸೊನ್ನೆ. ಪಕ್ಕಕ್ಕೆ ಮಾತ್ರ ಜಾರಿಸಬೇಡಿ, ತರಕಾರಿ ಹೆಚ್ಚೋ ಚಲನೆ ಅದು, ಚರ್ಮ ಸೀಳೋದು ಹಾಗೇ. ಶುರೂಲಿ ಎರಡು ಕೆನ್ನೆ ಮಾತ್ರ ಕತ್ತೀಲಿ ಮಾಡಿ ಉಳಿದಿದ್ದು ಮಾಮೂಲಿ ರೇಜರಲ್ಲಿ ಮುಗಿಸಿ, ಗಲ್ಲ ಮತ್ತೆ ಮೇಲ್ದುಟಿ ಕಷ್ಟ, ಕೈ ಕೂತಮೇಲೆ ಅಲ್ಲಿಗೆ ಹೋಗಿ. ಕತ್ತಿ ಕೈ ಜಾರಿದ್ರೆ ಹಿಡಿಯೋಕೆ ಹೋಗ್ಬೇಡಿ, ಬೀಳಲಿ ಬಿಡಿ. ಕೊನೇಗೆ ಪಟಿಕದ ಕಲ್ಲು ಒದ್ದೆ ಮಾಡಿ ಒಂದು ಸಲ ಆಡಿಸಿದ್ರೆ ಎಲ್ಲಿ ಜಾಸ್ತಿ ಕೆರೆದಿದೆ ಅಂತ ಉರಿ ಹೇಳತ್ತೆ.

ಆಮೇಲೆ ಒರೆಸೋದು. ಕಾರ್ಬನ್ ಉಕ್ಕು ಹರಿತ ಚೆನ್ನಾಗಿ ತಗೊಳ್ಳತ್ತೆ, ತುಕ್ಕೂ ಅಷ್ಟೇ ಬೇಗ ಹಿಡಿಯತ್ತೆ. ಬೆನ್ನಿನಿಂದ ಬಾಯಿ ಕಡೆಗೆ ಒರೆಸಿ, ಹಿಡಿ ಒಳಗೆ, ಮೊಳೆ ಹತ್ರ ನೀರು ನಿಂತಿರತ್ತೆ, ಟಿಶ್ಯೂ ತೂರಿಸಿ ತೆಗೀರಿ, ಮಡಚದೇ ಸ್ವಲ್ಪ ಹೊತ್ತು ಹಾಗೇ ಬಿಡಿ. ನಮ್ಮದು ತೆಂಗಿನ ಸೀಮೆ, ಕೈಗೆ ಮೊದಲು ಸಿಗೋದು ಕೊಬ್ಬರಿ ಎಣ್ಣೇನೇ, ಆದ್ರೆ ಅದು ಹಳೇದಾದ್ರೆ ಅಂಟಾಗತ್ತೆ, ಕಮಟು ವಾಸನೆ ಬರತ್ತೆ. ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಸಾಕು, ಸಣ್ಣ ಬಾಟಲಿ ವರ್ಷಗಟ್ಟಲೆ ಬರತ್ತೆ. ಬಾತ್‌ರೂಮಲ್ಲಿ ಇಡಬೇಡಿ, ಬೀರು ಒಳಗೆ, ಮಕ್ಕಳ ಕೈಗೆ ಸಿಗದ ಕಡೆ. ಯಾರ ಜೊತೆಗೂ ಹಂಚ್ಕೋಬೇಡಿ, ಅಣ್ಣ ತಮ್ಮ ಆದ್ರೂ ಅಷ್ಟೆ.

ಪಟ್ಟಿ ಎಳೆದ್ರೂ ಕತ್ತಿ ಕೂದಲನ್ನ ಎಳೀತಾ ಇದೆ ಅನ್ಸಿದಾಗ ಕಲ್ಲು. ಗ್ರಿಟ್ ಅಂದ್ರೆ ಕಲ್ಲಿನ ನಯದ ಲೆಕ್ಕ, ನಂಬರ್ ಜಾಸ್ತಿ ಆದಷ್ಟು ನಯ; 1000 ಗ್ರಿಟ್ ಬೇಕಾಗೋದು ಬಾಯಿ ಮುಕ್ಕಾಗಿದ್ರೆ, ಪೂರ್ತಿ ಮೊಂಡಾಗಿದ್ರೆ ಮಾತ್ರ, ಮಾಮೂಲಿ ಆರೈಕೆಗೆ 8000, ಆಮೇಲೆ 12000, ನೀರು ಹಾಕ್ಕೊಂಡು, ಬೆನ್ನು ಬಾಯಿ ಎರಡೂ ಕಲ್ಲಿಗೆ ಕೂರಿಸಿ, ಕತ್ತಿ ತೂಕಕ್ಕಿಂತ ಜಾಸ್ತಿ ಭಾರ ಬೀಳದ ಹಾಗೆ. ಬೀದೀಲಿ ಚಕ್ರ ತುಳ್ಕೊಂಡು ಸಾಣೆ ಹಿಡಿಯೋರು ಬರ್ತಾರೆ, ಅಡುಗೆ ಮನೆ ಚಾಕು, ಕುಡುಗೋಲು ಕೊಡಿ, ಇದನ್ನ ಕೊಡಬೇಡಿ, ಆ ಚಕ್ರ ಇಷ್ಟು ತೆಳು ಅಲಗಿಗಲ್ಲ, ಬಿಸಿಗೆ ಉಕ್ಕಿನ ಹದಾನೇ ಹೋಗತ್ತೆ. ಅದೇ ಕಾರಣಕ್ಕೆ ಗ್ಯಾಸ್ ಉರಿಗೆ ಹಿಡಿದು ಶುದ್ಧ ಮಾಡೋದೂ ಬೇಡ, ಸ್ಪಿರಿಟ್ ಹಾಕಿ ಒರೆಸಿದ್ರೆ ಆಯ್ತು. ಆಯುಧ ಪೂಜೇಲಿ ಕತ್ತೀನೂ ಇಡ್ತೀವಿ, ಇಡಲೇಬೇಕು, ಅರಿಶಿನ ಕುಂಕುಮ ಹಿಡಿ ಮೇಲೆ ಹಚ್ಚಿ, ಅಲಗಿಗೆ ಬೇಡ, ಒದ್ದೆ ಕುಂಕುಮ ರಾತ್ರಿ ಪೂರ್ತಿ ಕೂತ್ರೆ ಬೆಳಗ್ಗೆ ಹೊತ್ತಿಗೆ ತುಕ್ಕಿನ ಚುಕ್ಕೆ ಬಿದ್ದಿರತ್ತೆ, ಬಾಯಿ ಹತ್ರ ಬಿದ್ರೆ ಮತ್ತೆ 1000ದ ಕಲ್ಲಿಂದ ಶುರು ಮಾಡ್ಬೇಕಾಗತ್ತೆ.