ಆಂಪ್ ಬದಲಿಸುವ ಮೊದಲು ಸೋಫಾ ಎಳೆಯಿರಿ

ಹೊಸ ಸ್ಟೀರಿಯೊ ತಂದವರ ಮನೆಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ. ಒಂದು ಸ್ಪೀಕರ್ ಟಿ.ವಿ. ಯೂನಿಟ್‌ನ ಗೂಡಿನೊಳಗೆ ತುರುಕಿರುತ್ತದೆ, ಇನ್ನೊಂದು ಜಾಗ ಸಾಲದೆ ಮೂಲೆ ಸೇರಿರುತ್ತದೆ. ಎದುರು ಗೋಡೆಗೆ ಒತ್ತಿಕೊಂಡು ಸೋಫಾ, ನಡುವೆ ಗಾಜಿನ ಟೀಪಾಯಿ. ಹಾಡು ಹಾಕಿದರೆ ಡಗ್ಗಾದ ಪ್ರತಿ ಪೆಟ್ಟೂ ಗುಂಯ್ ಎಂದು ಎಳೆಯುತ್ತದೆ, ಸಾಹಿತ್ಯ ತಿಳಿಯುವುದಿಲ್ಲ. ಆಮೇಲೆ ಆಂಪ್ (ಸದ್ದು ಹಿಗ್ಗಿಸುವ ಆಂಪ್ಲಿಫೈಯರ್) ಬದಲಿಸೋಣ, ಕೇಬಲ್ ಬದಲಿಸೋಣ ಎಂಬ ಮಾತು ಶುರು. ಅಂಗಡಿಯವರೂ ಹೂಂಗುಟ್ಟುತ್ತಾರೆ, ನೀವು ಸೋಫಾ ಎರಡಡಿ ಮುಂದೆ ಎಳೆದರೆ ಅವರಿಗೇನು ಬಂತು?

ಸದ್ದಿನ ಪಾಲಿಗೆ ನಮ್ಮ ಹಾಲ್‌ಗಳು ಕಷ್ಟದ ಜಾಗ. ಮೇಲೆ ಆರ್‌ಸಿಸಿ, ಸುತ್ತ ಗಾರೆ ಗೋಡೆ, ಕೆಳಗೆ ವಿಟ್ರಿಫೈಡ್ ಟೈಲ್ಸ್. ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಎರಡು ಮೂರು ಪಾಲನ್ನಷ್ಟೇ ಹೀರಿ ಮಿಕ್ಕಿದ್ದನ್ನು ಇವು ವಾಪಸ್ ಎಸೆಯುತ್ತವೆ. 16 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರದ ಖಾಲಿ ಹಾಲ್‌ನಲ್ಲಿ ಸದ್ದು ಅಡಗಲು ಲೆಕ್ಕದ ಪ್ರಕಾರ ಮೂರು ಸೆಕೆಂಡ್ ಬೇಕು. ಮನೆಯಲ್ಲಿ ಸಂಗೀತ ಕೇಳಲು ಅದು ಅರ್ಧ ಸೆಕೆಂಡಿನ ಆಸುಪಾಸಿಗೆ ಇಳಿಯಬೇಕು. ಈ ಲೆಕ್ಕ ಕೊಟ್ಟವರು ಅಮೆರಿಕದ ಭೌತವಿಜ್ಞಾನಿ ವ್ಯಾಲೇಸ್ ಸಬೀನ್. 1895ರಲ್ಲಿ ಹಾರ್ವರ್ಡ್‌ನ ಹೊಸ ಉಪನ್ಯಾಸ ಕೊಠಡಿಯಲ್ಲಿ ಮೇಷ್ಟರ ಮಾತೇ ಅರ್ಥವಾಗದೆ ಹೋದಾಗ ಅದನ್ನು ಸರಿಪಡಿಸುವ ಕೆಲಸ ಇವರ ತಲೆಗೆ ಬಿತ್ತು. ರಾತ್ರಿ ಹೊತ್ತು ಬೇರೊಂದು ರಂಗಮಂದಿರದ ಸೀಟಿನ ಮೆತ್ತೆಗಳನ್ನು ಹೊತ್ತು ತಂದು ಹಾಸಿ, ಆರ್ಗನ್ ಕೊಳವೆ ನುಡಿಸಿ, ಸ್ಟಾಪ್‌ವಾಚ್ ಹಿಡಿದು ಅಳೆದರು. ನಾವು ಮಾಡಬೇಕಾದದ್ದೂ ಹೆಚ್ಚುಕಡಿಮೆ ಅದನ್ನೇ. ಆದರೆ ಮೆತ್ತೆಗೆ ಬಗ್ಗದ ಕಾಯಿಲೆಯೊಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ವೈರ್ ಮತ್ತು ಸ್ಟ್ಯಾಂಡ್. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸ್ಪೀಕರ್‌ನಲ್ಲಿ ಅದಲುಬದಲಾದರೂ ಬೇಸ್ (ತಗ್ಗಿನ ಸ್ವರಗಳು) ಮಾಯ. ಸ್ಪೀಕರನ್ನು ಗೂಡಿನಿಂದ ಹೊರಗೆ ತೆಗೆಯಿರಿ; ಟ್ವೀಟರ್, ಅಂದರೆ ಮೇಲಿನ ಸ್ವರ ನುಡಿಸುವ ಅದರ ಪುಟ್ಟ ಭಾಗ, ನಿಮ್ಮ ಕಿವಿಯ ಮಟ್ಟಕ್ಕೆ ಬರಬೇಕು. ಸೋಫಾದಲ್ಲಿ ಕೂತರೆ ಅದು ಸುಮಾರು ಮೂರಡಿ, ಚಾಪೆಯ ಮೇಲೆ ಕೂರುವವರಿಗೆ ಇನ್ನೂ ಕಡಿಮೆ. ಸ್ಟ್ಯಾಂಡ್‌ಗೆ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. 16-8-8 ಇಂಚಿನ ಸಾಲಿಡ್ ಬ್ಲಾಕ್ ಮೂರನ್ನು ಒಂದರ ಮೇಲೊಂದು ಮಲಗಿಸಿದರೆ ಎರಡಡಿ ಆಯಿತು. ಮೇಲೆ ಅಡುಗೆಕಟ್ಟೆಯ ಕೆಲಸದಲ್ಲಿ ಮಿಕ್ಕ ಗ್ರಾನೈಟ್ ತುಂಡು, ನಡುನಡುವೆ ರಬ್ಬರ್ ಶೀಟು. ತೆವಳುವ ಮಕ್ಕಳಿರುವ ಮನೆಯಲ್ಲಿ ಮಾತ್ರ ಇದು ಬೇಡ.

ಜಾಗ ಹುಡುಕುವುದು. ಎಲ್ಲರೂ ಎಡವುವುದು ಇಲ್ಲೇ. 100 ಹರ್ಟ್ಜ್ (ಸೆಕೆಂಡಿಗೆ 100 ಕಂಪನ) ಸ್ವರದ ಅಲೆ 11 ಅಡಿ ಉದ್ದ; ಅರ್ಧ ಇಂಚಿನ ಪರದೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಇಂಥ ಉದ್ದದ ಅಲೆಗಳು ಎದುರುಬದುರು ಗೋಡೆಗಳ ನಡುವೆ ಸಿಕ್ಕಿಕೊಂಡು ಕೆಲವೆಡೆ ಉಬ್ಬುತ್ತವೆ, ಕೆಲವೆಡೆ ಇಲ್ಲವಾಗುತ್ತವೆ. ನಿಮ್ಮ ಹಾಲ್‌ಗೆ ಕಾಟ ಕೊಡುವ ಸ್ವರ ಯಾವುದೆಂದು ತಿಳಿಯಲು 563ನ್ನು ಕೋಣೆಯ ಅಳತೆಯಿಂದ (ಅಡಿಗಳಲ್ಲಿ) ಭಾಗಿಸಿ. ಮೇಲಿನ ಹಾಲ್‌ಗೆ ಉದ್ದದಿಂದ 35 ಹರ್ಟ್ಜ್, ಅಗಲದಿಂದ 51, ಎತ್ತರದಿಂದ 56. ಜೊತೆಗೆ ಇವುಗಳ ದುಪ್ಪಟ್ಟು, ಮೂರುಪಟ್ಟು. 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ರೂಮಿನಲ್ಲಿ ಮೂರೂ 56ಕ್ಕೇ ಬಂದು ಗುದ್ದುತ್ತವೆ. ಅಂಥ ರೂಮನ್ನು ಸಂಗೀತಕ್ಕೆಂದು ಆರಿಸಿಕೊಳ್ಳಲೇಬೇಡಿ, ಕಿರಿದಾದರೂ ಉದ್ದುದ್ದ ಇರುವ ರೂಮೇ ವಾಸಿ.

ಈ ಸ್ವರಗಳು ಗೋಡೆಯ ಬುಡದಲ್ಲಿ ಅತಿ ಜೋರು. ಹಾಗಾಗಿ ಗೋಡೆಗೆ ತಲೆಯಾನಿಸಿ ಕೂತವರಿಗೆ ಗುಂಯ್‌ಗುಡುವ ಬೇಸ್, ಹಾಲ್‌ನ ನಟ್ಟನಡುವೆ ಕೂತವರಿಗೆ ಬಡಕಲು ಬೇಸ್. ಹಿಂದಿನ ಗೋಡೆಯಿಂದ ಉದ್ದದ ಶೇ 38ರಷ್ಟು ಮುಂದೆ ಕೂತು ನೋಡಿ, 16 ಅಡಿಯ ಹಾಲ್‌ಗೆ ಅದು ಆರಡಿ. ಸೋಫಾ ಅಲ್ಲಿಗೆ ಬಂದರೆ ಮನೆಯಲ್ಲಿ ಜಗಳವಾಗುತ್ತದೆ, ಗೊತ್ತು. ಕೇಳುವ ಹೊತ್ತಿಗೊಂದು ಬೆತ್ತದ ಕುರ್ಚಿ ಎಳೆದುಕೊಳ್ಳಿ. ನನ್ನ ಮಟ್ಟಿಗೆ ಸೋಫಾಗಿಂತ ಅದೇ ಮೇಲು: ಬೆನ್ನು ಗಿಡ್ಡ, ಕಿವಿಯ ಹಿಂದೆ ಅಡ್ಡ ಬರುವುದಿಲ್ಲ.

ಇನ್ನು ಸ್ಪೀಕರ್. ಅದರ ಹಿಂದಿನ ಗೋಡೆಗೆ ಬಡಿದು ವಾಪಸ್ ಬಂದ ಅಲೆ ನೇರ ಅಲೆಯನ್ನು ಒಂದು ಸ್ವರದಲ್ಲಿ ಅಳಿಸಿಹಾಕುತ್ತದೆ. ಸ್ಪೀಕರ್‌ನ ಮುಖ ಗೋಡೆಯಿಂದ ಎರಡಡಿ ಇದ್ದರೆ ಆ ಸ್ವರ ಸುಮಾರು 140 ಹರ್ಟ್ಜ್. ಹಾರ್ಮೋನಿಯಂನ ‘ಕಪ್ಪು ಒಂದು’ ಶ್ರುತಿಯಲ್ಲಿ ಹಾಡುವ ಗಂಡುದನಿಯ ಷಡ್ಜ 138! ಆಲಾಪದಲ್ಲಿ ಗಾಯಕರು ಷಡ್ಜಕ್ಕೆ ಬಂದು ನಿಂತಾಗಲೆಲ್ಲ ದನಿ ಸೊರಗುತ್ತದೆ, ನಾವು ರೆಕಾರ್ಡಿಂಗನ್ನು ಬೈಯುತ್ತೇವೆ. ಮೂರಡಿಗೆ ಎಳೆದರೆ ಆ ಹಳ್ಳ 94ಕ್ಕೆ ಇಳಿಯುತ್ತದೆ. ಹಿಂಗೋಡೆಯ ದೂರ, ಪಕ್ಕದ ಗೋಡೆಯ ದೂರ, ನೆಲದಿಂದ ವೂಫರ್‌ನ (ಬೇಸ್ ನುಡಿಸುವ ದೊಡ್ಡ ಭಾಗದ) ಎತ್ತರ ಮೂರೂ ಒಂದೇ ಆಗದಂತೆ ನೋಡಿಕೊಳ್ಳಿ; ಹಾಗೇನಾದರೂ ಆದರೆ ಮೂರು ಹಳ್ಳಗಳೂ ಒಂದೇ ಸ್ವರಕ್ಕೆ ಬೀಳುತ್ತವೆ.

ಲೆಕ್ಕ ಬೇಡ ಎನ್ನುವವರಿಗೆ ಒಂದು ಅಡ್ಡದಾರಿ. ನೀವು ಕೂರುವ ಕುರ್ಚಿಯ ಮೇಲೆ ಒಂದು ಸ್ಪೀಕರ್ ಇಟ್ಟು, ಡಗ್ಗಾ ಅಥವಾ ಬೇಸ್ ಗಿಟಾರ್ ಚೆನ್ನಾಗಿರುವ ಹಾಡನ್ನು ತಿರುತಿರುಗಿ ಹಾಕಿ. ಸ್ಪೀಕರ್ ನಿಲ್ಲಿಸಬೇಕೆಂದಿರುವ ಕಡೆಯಲ್ಲೆಲ್ಲ ಅಷ್ಟೇ ಎತ್ತರಕ್ಕೆ ಕಿವಿ ತಂದು ಬಗ್ಗಿಕೊಂಡು ಓಡಾಡಿ. ಮನೆಯವರು ನಗುತ್ತಾರೆ, ನಗಲಿ. ಎಲ್ಲ ಪೆಟ್ಟುಗಳೂ ಒಂದೇ ತೂಕದಲ್ಲಿ, ಬಾಲ ಎಳೆಯದೆ ಕೇಳಿಸುವ ಜಾಗ ಸಿಕ್ಕರೆ ಸ್ಪೀಕರ್ ಅಲ್ಲಿಗೆ. ಸದ್ದು ಹೊರಡುವ ಜಾಗ ಮತ್ತು ಕೇಳುವ ಜಾಗ ಅದಲುಬದಲಾದರೂ ಕೋಣೆಯ ಪರಿಣಾಮ ಒಂದೇ, ಅದರಿಂದಲೇ ಈ ಉಪಾಯ ಕೈಹಿಡಿಯುತ್ತದೆ.

ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನದಲ್ಲಿರಲಿ. ಅಳೆಯಲು ಟೈಲ್ಸ್ ಗೆರೆಗಳೇ ಸಾಕು, ಎರಡಡಿಯ ಟೈಲ್ ಆದರೆ ಇನ್ನೂ ಸಲೀಸು. ಒಂದು ಪಕ್ಕ ಡೈನಿಂಗ್ ಕಡೆಗೆ ತೆರೆದ ಹಾಲ್ ಆಗಿದ್ದರೆ ಗೋಡೆಯ ಪಕ್ಕದ ಸ್ಪೀಕರ್ ಸ್ವಲ್ಪ ಜೋರು ಕೇಳುತ್ತದೆ. ಅದನ್ನು ಪಕ್ಕದ ಗೋಡೆಯಿಂದ ಆದಷ್ಟು ದೂರ ಮಾಡಿ. ಮೂಲೆಗಂತೂ ಯಾವುದೂ ಬೇಡ.

ಮೆತ್ತೆ, ಪರದೆ, ಕಂಬಳಿ. ಮೊದಲು ಗಾಜಿನ ಟೀಪಾಯಿ ಹೊರಗೆ. ಆಮೇಲೆ ನೀವು ಕುರ್ಚಿಯಲ್ಲಿ ಕೂತು, ಇನ್ನೊಬ್ಬರ ಕೈಯಲ್ಲಿ ಮುಖ ನೋಡುವ ಕನ್ನಡಿ ಕೊಟ್ಟು ಪಕ್ಕದ ಗೋಡೆಯುದ್ದಕ್ಕೂ ಸರಿಸಲು ಹೇಳಿ. ಕನ್ನಡಿಯಲ್ಲಿ ಟ್ವೀಟರ್ ಕಂಡ ಕಡೆ ಪೆನ್ಸಿಲ್ ಗುರುತು ಹಾಕಿ. ಮೊದಲ ಪ್ರತಿಫಲನ ಕಿವಿಗೆ ಬರುವುದು ಅಲ್ಲಿಂದಲೇ, ಬಟ್ಟೆಯ ಖರ್ಚೂ ಅಲ್ಲಿಗೇ. ಗಾಜಿನ ಬಾಗಿಲಿಲ್ಲದ, ಹಿಂದೆ ಮುಂದೆ ಪುಸ್ತಕ ಜೋಡಿಸಿದ ಕಪಾಟು ಅಲ್ಲಿದ್ದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ದಪ್ಪ ಕುರಿ ಕಂಬಳಿಯನ್ನು ಎರಡು ಮಡಿಕೆ ಮಾಡಿ, ಗೋಡೆಯಿಂದ ಮೂರು ಇಂಚು ಬಿಟ್ಟು ತೂಗುಹಾಕಿ. ಆ ಖಾಲಿ ಜಾಗವೇ ಅರ್ಧ ಕೆಲಸ ಮಾಡುತ್ತದೆ. ನವಲಗುಂದದ ಜಮಖಾನ ಚೆಂದ, ಆದರೆ ತೆಳು. ನೆಲಕ್ಕೆ ಹಾಸುವುದಾದರೆ ಕೆಳಗೊಂದು ಹತ್ತಿಯ ಹಾಸು ಇರಲಿ. ಪರದೆ ಕಿಟಕಿಯ ಅಗಲದ ಎರಡರಷ್ಟಿದ್ದು ನೆರಿಗೆ ಬೀಳಬೇಕು. ಬಿಗಿಯಾಗಿ ಎಳೆದ ಪಾಲಿಯೆಸ್ಟರ್ ಪರದೆ ಬೆಳಕನ್ನಷ್ಟೇ ತಡೆಯುತ್ತದೆ.

ಮೊಟ್ಟೆ ಟ್ರೇ ಅಂಟಿಸುವವರು ಇನ್ನೂ ಇದ್ದಾರೆ. ಅದು ಹೀರುವುದು ಅತ್ಯಲ್ಪ, ಜಿರಳೆ ಸೇರುವುದು ಖಚಿತ. ಆನ್‌ಲೈನ್‌ನಲ್ಲಿ ಸಿಗುವ ಒಂದಿಂಚಿನ ಕಪ್ಪು ಫೋಮ್ ಅದಕ್ಕಿಂತ ಅಪಾಯ: ಮೇಲಿನ ಸ್ವರಗಳನ್ನಷ್ಟೇ ನುಂಗಿ ಬೇಸನ್ನು ಹಾಗೇ ಬಿಡುತ್ತದೆ, ಬೆಂಕಿಗೂ ಬೇಗ ಸಿಗುತ್ತದೆ. ಗೋಡೆಯೆಲ್ಲ ಅದನ್ನೇ ಮೆತ್ತಿದ ಕೋಣೆಯಲ್ಲಿ ವೀಣೆಯ ಮೀಟಿಗೆ ಮಿಂಚೇ ಇರುವುದಿಲ್ಲ. ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಝಣ್ ಎನ್ನುವ ಬಾಲ ಹೋಗಿದ್ದರೆ ಅಲ್ಲಿಗೆ ನಿಲ್ಲಿಸಿ.

ನಡುಗುವ ಸಾಮಾನು. ಮೊಬೈಲ್‌ನ ಟೋನ್ ಜನರೇಟರ್ ಆ್ಯಪ್‌ನಲ್ಲಿ 30ರಿಂದ 200 ಹರ್ಟ್ಜ್‌ವರೆಗೆ ಮೆಲ್ಲಗೆ ಏರಿಸಿ, ಸಣ್ಣ ವಾಲ್ಯೂಮ್‌ನಲ್ಲಿ. ಶೋಕೇಸ್ ಗಾಜು, ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ, ಬಹುಮಾನದ ಕಪ್ಪು ಎಲ್ಲವೂ ಒಂದೊಂದಾಗಿ ಮಾತಾಡತೊಡಗುತ್ತವೆ. ಕೈಯಿಟ್ಟಾಗ ಸುಮ್ಮನಾದದ್ದೇ ಕಳ್ಳ. ಸಂದಿಗೆ ರಬ್ಬರ್ ಬೀಡಿಂಗ್ ತುರುಕಿ.

ಕೋಣೆಯ ದೋಷ ತಾನಾಗಿ ತಿದ್ದುವ ಆಂಪ್‌ಗಳು ಬಂದಿವೆಯಲ್ಲ ಎನ್ನಬಹುದು. ಉಬ್ಬನ್ನು ಅವು ತಗ್ಗಿಸುತ್ತವೆ. ಹಳ್ಳವನ್ನು ತುಂಬಲಾರವು, ಅಲ್ಲಿ ಎಷ್ಟು ಪವರ್ ಸುರಿದರೂ ಎದುರಲೆಯೂ ಅಷ್ಟೇ ಬೆಳೆಯುತ್ತದೆ.

ಕೊನೆಗೆ ಸ್ಪೀಕರ್‌ಗಳನ್ನು ಸ್ವಲ್ಪ ಸ್ವಲ್ಪ ಒಳಕ್ಕೆ ತಿರುಗಿಸಿ, ದನಿ ಎರಡರ ನಡುವೆ ಬಂದು ನಿಂತ ಕೂಡಲೇ ಬಿಡಿ. ಕಾಲುಗಳ ಸುತ್ತ ನೆಲಕ್ಕೆ ಟೇಪು ಅಂಟಿಸಿ. ಒರೆಸುವಾಗ ಅದು ವಾರದೊಳಗೆ ಕಿತ್ತುಬರುತ್ತದೆ, ಹಾಗಾಗಿ ಗೋಡೆಯಿಂದ ಎಷ್ಟೆಷ್ಟು ಇಂಚು ಎಂಬುದನ್ನು ಮೊಬೈಲ್‌ನಲ್ಲೂ ಬರೆದಿಡಿ.